ಒಂದೇ ಮಸೂದೆ, ನಾಲ್ಕು ವಾರ: ಟಿವಿ, ಫೋನು, ರೇಡಿಯೊ, ಪತ್ರಿಕೆ

ಟಿವಿ ವಾರದ ಕೊನೆಯ ರಾತ್ರಿ ನೋಟ್‌ಬುಕ್ ತೆಗೆದು ಕುಳಿತೆ. ಬಾಡಿಗೆ ಮನೆಗಳ ಹೊಸ ಮಸೂದೆ ಬಗ್ಗೆ ಏಳು ದಿನದಲ್ಲಿ ಒಂಬತ್ತು ಗಂಟೆಗೂ ಜಾಸ್ತಿ ಚರ್ಚೆ ನೋಡಿದ್ದೆ. ಯಾವ ನಾಯಕರು ಯಾರಿಗೆ ಏನಂದರು, ಯಾರು ಮೈಕ್ ಕಿತ್ತಿಟ್ಟು ಎದ್ದು ಹೋದರು, ಎಲ್ಲ ಬರೆದೆ. ಆಮೇಲೆ ‘ಮಸೂದೆಯಲ್ಲಿ ಏನಿದೆ?’ ಅಂತ ನನ್ನನ್ನೇ ಕೇಳಿಕೊಂಡೆ. ಒಂದು ಸಾಲೂ ಬರೆಯಲು ಆಗಲಿಲ್ಲ. ನಾನೇ ಬಾಡಿಗೆ ಮನೆಯಲ್ಲಿ ಇರುವವಳು.

ಸುದ್ದಿ ಬರುವ ದಾರಿ ಬದಲಾದರೆ ಸುದ್ದಿಯೂ ಬದಲಾಗುತ್ತದಾ ಅಂತ ನೋಡಬೇಕು ಅನ್ನಿಸಿತ್ತು. ಅದಕ್ಕೇ ಈ ಪ್ರಯೋಗ. ನಾಲ್ಕು ವಾರ, ವಾರಕ್ಕೆ ಒಂದೇ ಮಾಧ್ಯಮ, ಉಳಿದದ್ದೆಲ್ಲ ಬಂದ್. ಪ್ರತಿ ರಾತ್ರಿ ಮಲಗುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು: ಏನಾಯಿತು, ಅದು ಯಾರಿಗೆ ತಟ್ಟುತ್ತದೆ, ನಾನು ಏನಾದರೂ ಮಾಡಬಹುದಾ.

ಟಿವಿಯನ್ನು ಸುಮ್ನೆ ಬೈಯಲು ನನಗೆ ಇಷ್ಟವಿಲ್ಲ. ಆ ವಾರವೇ ಒಂದು ಕಡೆ ನೆರೆ ಬಂತು. ನೀರು ಎಲ್ಲಿಯವರೆಗೆ ಏರಿದೆ, ದೋಣಿ ಎಲ್ಲಿ ನಿಂತಿದೆ ಅಂತ ನೇರ ದೃಶ್ಯದಲ್ಲಿ ಕಂಡ ಹಾಗೆ ಬೇರೆ ಯಾವುದರಲ್ಲೂ ಕಾಣುವುದಿಲ್ಲ. ತೊಂದರೆ ಇರುವುದು ಉಳಿದ ಹೊತ್ತಿನಲ್ಲಿ. 1980ರ ಜೂನ್ 1ರಂದು ಅಮೆರಿಕದಲ್ಲಿ ಸಿಎನ್‌ಎನ್ ಅನ್ನುವ ಸುದ್ದಿ ಚಾನೆಲ್ ಶುರುವಾಗುವವರೆಗೆ ಟಿವಿಯಲ್ಲಿ ಸುದ್ದಿಗೆ ಅಂತ ಒಂದು ಹೊತ್ತು ಇತ್ತು. ಆಮೇಲೆ 24 ಗಂಟೆಯನ್ನೂ ತುಂಬಿಸಬೇಕಾಯಿತು. ವರದಿಗಾರರನ್ನು ಕಳಿಸಬೇಕಾದರೆ ಗಾಡಿ ಬೇಕು, ಕ್ಯಾಮೆರಾ ಬೇಕು, ದಿನಗಟ್ಟಲೆ ಸಮಯ ಬೇಕು. ನಾಲ್ಕು ಜನರನ್ನು ಪರದೆಯ ನಾಲ್ಕು ಚೌಕದಲ್ಲಿ ಕೂರಿಸಿ ವಾದ ಮಾಡಿಸಲು ಅಷ್ಟೆಲ್ಲ ಖರ್ಚಿಲ್ಲ. ಹಾಗಾಗಿ ಮಸೂದೆ ಜಗಳವಾಗುತ್ತದೆ. ಓದಿ ಹೇಳಬೇಕಾದ ವಿಷಯಕ್ಕೆ ಅಲ್ಲಿ ಜಾಗ ಸಿಗುವುದಿಲ್ಲ.

ಫೋನಿನ ವಾರ ನಾನು ತುಂಬಾ ಕಲಿತ ವಾರ. ತುಂಬಾ ನೊಂದ ವಾರವೂ ಅದೇ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಎರಡನೇ ದಿನ ಒಬ್ಬ ಮಹಿಳೆಯ ಪುಟ್ಟ ವಿಡಿಯೊ ಬಂತು. ಮನೆ ಖಾಲಿ ಮಾಡಿ ಅಂತ ಹೇಳಿದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕಿದ್ದನ್ನು ಆಕೆ ಸಮಾಧಾನದಿಂದ ಹೇಳುತ್ತಿದ್ದರು. ಟಿವಿಯ ಒಂಬತ್ತು ಗಂಟೆಯಲ್ಲಿ ಒಬ್ಬ ಬಾಡಿಗೆದಾರರ ಮಾತನ್ನೂ ನಾನು ಕೇಳಿರಲಿಲ್ಲ. ಇಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಅವರು ಮಾತಾಡಿದ್ದರು, ಅದು ನನಗೆ ಮುಟ್ಟಿತ್ತು. ಇದು ಸಣ್ಣ ವಿಷಯವಲ್ಲ.

ಐದನೇ ದಿನ ಒಂದು ಮೆಸೇಜ್ ಬಂತು. ಆರು ತಿಂಗಳ ಮುಂಗಡ ಕಟ್ಟದ ಬಾಡಿಗೆದಾರರಿಗೆ ಜೈಲು, ಹೊಸ ಮಸೂದೆಯಲ್ಲಿ ಹೀಗಿದೆ ಅಂತ. ಎದೆ ಧಸಕ್ ಅಂತು. ಓದಿ ಮುಗಿಸುವ ಮೊದಲೇ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಫಾರ್ವರ್ಡ್ ಮಾಡಿಬಿಟ್ಟೆ. ಸಂಜೆ ಚಿಕ್ಕಪ್ಪ ಫೋನ್ ಮಾಡಿದರು.

“ಅದು ಯಾವ ಕಲಮಿನಲ್ಲಿದೆ ಕಣಮ್ಮಾ?”

“ಗೊತ್ತಿಲ್ಲ ಚಿಕ್ಕಪ್ಪ. ಎಲ್ಲರೂ ಕಳಿಸ್ತಿದ್ದಾರೆ.”

“ನೀನು ಓದಿದ್ಯಾ?”

ಓದಿರಲಿಲ್ಲ. ಆ ರಾತ್ರಿ ಸರ್ಕಾರದ ವೆಬ್‌ಸೈಟಿನಿಂದ ಮಸೂದೆಯ ಪೂರ್ತಿ ಪಠ್ಯ ಇಳಿಸಿಕೊಂಡೆ. ಮುಂಗಡದ ಮಾತು ಇತ್ತು, ಜೈಲು ಅನ್ನುವ ಪದ ಎಲ್ಲೂ ಇರಲಿಲ್ಲ. ಗುಂಪಿನಲ್ಲಿ ತಿದ್ದುಪಡಿ ಹಾಕಿದೆ, ಕ್ಷಮೆ ಕೇಳಿದೆ. ಅಷ್ಟರಲ್ಲಿ ಅತ್ತೆ ಅದನ್ನು ಅವರ ಗೆಳತಿಯರಿಗೆ ಕಳಿಸಿ ಆಗಿತ್ತು. ಅಲ್ಲಿಂದ ಎಲ್ಲಿಗೆ ಹೋಯಿತೋ. ನನ್ನ ತಿದ್ದುಪಡಿಯನ್ನು ಯಾರೂ ಮುಂದೆ ಕಳಿಸಲಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದರು. 1,500 ಜನರನ್ನು ಮುಟ್ಟಲು ನಿಜ ಸುದ್ದಿಗೆ ಸುಳ್ಳು ಸುದ್ದಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಗುತ್ತಿತ್ತು. ತಾವಾಗಿಯೇ ಪೋಸ್ಟ್ ಹಾಕುವ ಯಂತ್ರಗಳ (ಬಾಟ್) ಖಾತೆಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಸುಳ್ಳೇ ಮುಂದೆ. ಹರಡುತ್ತಿದ್ದವರು ಮನುಷ್ಯರೇ. ಮೊದಲು ಓದಿದ್ದಾಗ ಇದು ಬೇರೆಯವರ ವಿಷಯ ಅಂದುಕೊಂಡಿದ್ದೆ. ಸುಳ್ಳು ಹೀಗೆ ಹರಡುವುದನ್ನು ತಡೆಯಲು ವಾಟ್ಸ್ಯಾಪ್ 2019ರಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿಯನ್ನು ಜಗತ್ತಿನಾದ್ಯಂತ ತಂದಿತು. 2020ರಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದೇ ಕಡೆಗೆ ಅಂತ ಇನ್ನೂ ಇಳಿಸಿತು. ಒಳ್ಳೆಯ ಕೆಲಸ. ಆದರೆ ನಾನು ಕಳಿಸಿದ್ದೂ ಒಂದೇ ಕಡೆಗೆ, ಅಲ್ವಾ?

ಇನ್ನೊಂದು ವಿಷಯ ಆ ವಾರವೇ ಗಮನಕ್ಕೆ ಬಂತು. ಫೋನಿನಲ್ಲಿ ನನಗೆ ಸಿಕ್ಕ ಗಟ್ಟಿ ವರದಿಗಳನ್ನು ಹಿಂಬಾಲಿಸಿ ಹೋದರೆ ಹೆಚ್ಚಿನವು ಯಾವುದೋ ಪತ್ರಿಕೆಯ ವರದಿಗಾರರು ಓಡಾಡಿ ಬರೆದವು. ಪುಟ್ಟ ಜಾಹೀರಾತುಗಳು ಇಂಟರ್ನೆಟ್ಟಿಗೆ ಹೋದ ಮೇಲೆ ಎಷ್ಟೋ ಪತ್ರಿಕೆಗಳ ಆದಾಯ ಕುಸಿಯಿತು, ವರದಿಗಾರರ ಕೆಲಸ ಹೋಯಿತು. ಓಡಾಡುವವರೇ ಇಲ್ಲದಿದ್ದರೆ ಹಂಚಿಕೊಳ್ಳಲು ಏನು ಉಳಿಯುತ್ತದೆ? ಇದು ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ.

ರೇಡಿಯೊ ವಾರದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ದಿನಕ್ಕೆ ಎರಡು ಸಲ ವಾರ್ತೆ ಕೇಳಿದೆ. ಮಸೂದೆಗೆ ಎರಡೇ ವಾಕ್ಯ, ಎರಡೂ ಸರಿಯಾಗಿದ್ದವು. ಮುಖ್ಯಾಂಶಗಳನ್ನು ಇನ್ನೊಮ್ಮೆ ಓದಿ ಮುಗಿಸಿಬಿಡುತ್ತಾರೆ, ನಮ್ಮ ಕೆಲಸ ನಮಗೆ. ಆ ವಾರ ಚೆನ್ನಾಗಿ ನಿದ್ದೆ ಮಾಡಿದೆ. ವಿವರ ಬೇಕಾದವರಿಗೆ ಮಾತ್ರ ಇದು ಸಾಲದು.

ಮೂರು ವಾರದ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ದಿಗಿಲಾಯಿತು. ‘ಈಗ ಮುಖ್ಯವಾದ ವಿಷಯ’ ಅಂತ ನಾನು ಬರೆದ ಪಟ್ಟಿ ಪ್ರತಿ ವಾರ ಬೇರೆ. ಟಿವಿ ವಾರದಲ್ಲಿ ನಾಯಕರ ಜಗಳ ಮೊದಲು. ಫೋನಿನ ವಾರದಲ್ಲಿ ಭಯ ಮೊದಲು. 1968ರ ಚುನಾವಣೆಯ ಹೊತ್ತಿನಲ್ಲಿ ಅಮೆರಿಕದ ಚಾಪೆಲ್ ಹಿಲ್ ಊರಿನಲ್ಲಿ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ, ಯಾರಿಗೆ ಮತ ಅಂತ ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತಾಡಿಸಿದ್ದರು. ಅವರು ಮುಖ್ಯ ಅಂದ ವಿಷಯಗಳ ಕ್ರಮವೂ ಮಾಧ್ಯಮಗಳು ಒತ್ತು ಕೊಟ್ಟ ಕ್ರಮವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ನನ್ನ ನೋಟ್‌ಬುಕ್ಕೂ ಅದನ್ನೇ ಹೇಳುತ್ತಿತ್ತು. ಮೂರನೇ ಪ್ರಶ್ನೆಯ ಮುಂದೆ ಮಾತ್ರ 21 ರಾತ್ರಿಯೂ ಒಂದೇ ಉತ್ತರ: ಏನೂ ಇಲ್ಲ.

ಪತ್ರಿಕೆ ವಾರದ ಮೊದಲ ದಿನ ನಿರಾಸೆ ಆಯಿತು. ಮುಖಪುಟದ ತುಂಬ ಜಾಹೀರಾತು, ಸುದ್ದಿ ಹಿಂದಿನ ದಿನದ್ದು. ನಾಲ್ಕನೇ ದಿನ ಒಳಪುಟದ ಕೆಳಗಿನ ಮೂಲೆಯಲ್ಲಿ ಸಿಂಗಲ್ ಕಾಲಂ ಸುದ್ದಿಯೊಂದು ಕಣ್ಣಿಗೆ ಬಿತ್ತು. ಮಸೂದೆ ಸಮಿತಿಯ ಮುಂದೆ ಹೋಗಿದೆ, ಸಾರ್ವಜನಿಕರು ತಿಂಗಳ ಕೊನೆಯೊಳಗೆ ಆಕ್ಷೇಪಣೆ, ಸಲಹೆ ಕಳಿಸಬಹುದು, ವಿಳಾಸ ಇದು. ಎಂಟು ಸಾಲು, ಫೋಟೊ ಇಲ್ಲ. ನಾನು ಹುಡುಕಿದ್ದೂ ಅಲ್ಲ, ಪುಟ ತಿರುಗಿಸುವಾಗ ಸಿಕ್ಕಿದ್ದು. ಪತ್ರಿಕೆಯ ಪುಟಗಳನ್ನು ಒಬ್ಬರು ಕೂತು ಜೋಡಿಸಿರುತ್ತಾರಲ್ಲ, ಅದರ ಬೆಲೆ ಆ ಮೂಲೆಯಲ್ಲಿ ಗೊತ್ತಾಯಿತು.

ಹಾಗಾಗಿ ನನ್ನ ಆಯ್ಕೆ ಈಗ ಹೀಗಿದೆ. ಬೆಳಿಗ್ಗೆ ಪತ್ರಿಕೆ, ಸಂಜೆ ರೇಡಿಯೊ ವಾರ್ತೆ. ಫೋನಿನಲ್ಲಿ ಸುದ್ದಿ ಆ್ಯಪ್‌ಗಳ ನೋಟಿಫಿಕೇಷನ್ ಬಂದ್, ಆದರೆ ಆ ಮಹಿಳೆಯಂಥವರ ಮಾತನ್ನು ಹುಡುಕಿಕೊಂಡು ಹೋಗಿ ಕೇಳುತ್ತೇನೆ. ನೆರೆ ಬಂದರೆ, ಮತ ಎಣಿಕೆ ಇದ್ದರೆ ಟಿವಿ.

ಚಿಕ್ಕಪ್ಪನಿಗೆ ಆ ಎಂಟು ಸಾಲು ಓದಿ ಹೇಳಿದೆ. ಮಸೂದೆಯ ಪ್ರತಿ ತಗೊಂಡು ಬಾ ಅಂದರು. ಭಾನುವಾರ ಇಬ್ಬರೂ ಕೂತು ನಾಲ್ಕನೇ ಕಲಮಿನವರೆಗೆ ಓದಿದ್ದೇವೆ. ಮನೆ ಖಾಲಿ ಮಾಡಿಸುವ ಮುಂಚೆ ಎಷ್ಟು ದಿನದ ನೋಟಿಸ್ ಕೊಡಬೇಕು ಅನ್ನುವುದು ಅಲ್ಲಿ ಸ್ಪಷ್ಟವಾಗಿಲ್ಲ. ಪತ್ರದ ಮೊದಲ ಸಾಲು ಅವರು ಬರೆದರು, ಮುಂದಿನದು ನಾನು. ಗಡುವಿಗೆ ಇನ್ನು ಒಂಬತ್ತು ದಿನ ಇದೆ.