ಹೊಟ್ಟೆಯ ಹಳೆ ನೋವಿಗೆ ನರ್ವ್ ಬ್ಲಾಕ್: ಯಾವ ಸೂಜಿ ಯಾವ ನೋವಿಗೆ?

ನರ್ವ್ ಬ್ಲಾಕ್ (ನೋವು ಒಯ್ಯುವ ನರದ ಬಳಿ ಮರಗಟ್ಟಿಸುವ ಔಷಧದ ಇಂಜೆಕ್ಷನ್) ಹಾಕಿಸಿದರೂ ನೋವು ಹೋಗಲಿಲ್ಲ ಎನ್ನುವವರಲ್ಲಿ ಅನೇಕರಿಗೆ ಔಷಧ ಸೋತಿರುವುದಿಲ್ಲ, ಸೂಜಿ ಬೇರೆ ಕಡೆ ಹೋಗಿರುತ್ತದೆ. ನೋವು ಹೊಟ್ಟೆಯ ಗೋಡೆಯದೋ ಒಳಗಿನ ಅಂಗದ್ದೋ ಎಂಬುದನ್ನು ಮೊದಲು ನೋಡಬೇಕು. ರೋಗಿಯನ್ನು ಅಂಗಾತ ಮಲಗಿಸಿ, ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ತಲೆ-ಭುಜ ಎತ್ತಲು ಹೇಳಿ. ಸ್ನಾಯು ಬಿಗಿಯಾದಾಗ ನೋವು ಹೆಚ್ಚಿದರೆ ಅಥವಾ ಅಷ್ಟೇ ಇದ್ದರೆ ಅದು ಬಹುಮಟ್ಟಿಗೆ ಗೋಡೆಯದು, ಕಡಿಮೆಯಾದರೆ ಒಳಗಿನದು. ಕಾರ್ನೆಟ್ ಪರೀಕ್ಷೆ ಎಂದರೆ ಇಷ್ಟೇ.

ಬೆರಳ ತುದಿಯಷ್ಟು ಜಾಗದಲ್ಲಿ, ಹೊಟ್ಟೆಯ ಮುಂಭಾಗದ ಉದ್ದನೆಯ ರೆಕ್ಟಸ್ ಸ್ನಾಯುವಿನ ಹೊರ ಅಂಚಿನಲ್ಲಿ ನೋವಿದ್ದರೆ ನೋಯುವ ಬಿಂದುವಿಗೇ ಕೊಡುವ ಟ್ರಿಗರ್ ಪಾಯಿಂಟ್ ಇಂಜೆಕ್ಷನ್‌ನಿಂದಲೇ ಶುರು ಮಾಡುವುದು ಸರಿ. ಮರಗಟ್ಟಿಸುವ ಔಷಧವಾದ 1% ಲಿಡೋಕೇನ್ 5ರಿಂದ 10 ಮಿಲಿ, ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟರೆ ಇನ್ನೂ ಒಳ್ಳೆಯದು. ಹದಿನೈದು-ಇಪ್ಪತ್ತು ನಿಮಿಷದಲ್ಲಿ ನೋವು ಅರ್ಧಕ್ಕಿಂತ ಕಡಿಮೆಯಾದರೆ ರೋಗನಿರ್ಣಯವೂ ಆದಂತೆ. ಚರ್ಮದ ಕೆಳಗಿನ ಕೊಬ್ಬಿನಲ್ಲೇ ಔಷಧ ನಿಂತರೆ ಚರ್ಮ ಮರಗಟ್ಟುತ್ತದೆ, ನೋವು ಉಳಿಯುತ್ತದೆ. ಸ್ಟೀರಾಯ್ಡ್ ಬೆರೆಸುವ ರೂಢಿ ವ್ಯಾಪಕ. ಮೊದಲ ಸಲವೇ ಅದು ಬೇಕೆಂದು ನಮಗನಿಸುವುದಿಲ್ಲ. ಮಧುಮೇಹಿಗಳಿಗಂತೂ ಕೆಲವು ದಿನ ಸಕ್ಕರೆ ಏರುತ್ತದೆ.

ನೋವು ಅಗಲವಾಗಿ ಹರಡಿದ್ದರೆ, ಅದರಲ್ಲೂ ಶಸ್ತ್ರಚಿಕಿತ್ಸೆಯ ಗಾಯದ ಸುತ್ತ, ಹೊಟ್ಟೆಯ ಗೋಡೆಯ ನರಗಳನ್ನು ಮರಗಟ್ಟಿಸುವ ಟ್ಯಾಪ್ ಬ್ಲಾಕ್ ಮೇಲು. ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್ ಸ್ನಾಯುಗಳ ನಡುವಿನ ಪದರಕ್ಕೆ ಒಂದು ಬದಿಗೆ 15–20 ಮಿಲಿ ಹೋಗುತ್ತದೆ. ಲೆಕ್ಕ ತಪ್ಪುವುದು ಇಲ್ಲೇ: ಮರಗಟ್ಟಿಸುವ ಇನ್ನೊಂದು ಔಷಧ 0.25% ಬುಪಿವಕೇನ್ ಎರಡೂ ಬದಿಗೆ 20 ಮಿಲಿಯಂತೆ ಕೊಟ್ಟರೆ 100 ಮಿಗ್ರಾಂ ಆಯಿತು; ಕಿಲೋಗೆ 2 ಮಿಗ್ರಾಂ ಮಿತಿ ಇಟ್ಟುಕೊಂಡರೆ 50 ಕಿಲೋ ತೂಕದವರಿಗೆ ಅದೇ ಗರಿಷ್ಠ. ಔಷಧ ಮೈಗೆ ವಿಷವಾಗುತ್ತಿರುವ ಲಕ್ಷಣಗಳಾದ ಬಾಯಿಯ ಸುತ್ತ ಜೋಮು, ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವಿಕೆ ಕಂಡರೆ ಇಂಜೆಕ್ಷನ್ ನಿಲ್ಲಿಸಬೇಕು. ಆ ವಿಷ ಇಳಿಸುವ 20% ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಕೈಗೆಟಕುವಲ್ಲಿ ಇರಬೇಕು. ಮೇದೋಜೀರಕದ ನೋವಿಗೆ ಟ್ಯಾಪ್ ಹಾಕಿಸಿ ಪ್ರಯೋಜನವಿಲ್ಲ, ಅಂಗಗಳ ನೋವು ಆ ನರಗಳಲ್ಲಿ ಸಾಗುವುದಿಲ್ಲ.

ಆ ನೋವಿಗೆ ಇರುವುದು ಸೀಲಿಯಾಕ್ ಪ್ಲೆಕ್ಸಸ್ (ಹೊಟ್ಟೆಯ ಮೇಲ್ಭಾಗದ ಅಂಗಗಳ ನರಜಾಲ) ಬ್ಲಾಕ್. 1914ರಲ್ಲಿ ಮ್ಯಾಕ್ಸ್ ಕ್ಯಾಪಿಸ್ ವಿವರಿಸಿದ ವಿಧಾನದಿಂದ ಬೆಳೆದು ಬಂದದ್ದು. ಗುರಿ ಮಹಾಧಮನಿಯ ಮುಂದೆ, ಮೊದಲ ಸೊಂಟದ ಕಶೇರುವಿನ ಮಟ್ಟದಲ್ಲಿ. ಬೆನ್ನಿನಿಂದ ಎಕ್ಸ್‌ರೇ ಅಥವಾ ಸಿಟಿ ನೋಡಿಕೊಂಡು, ಇಲ್ಲವೇ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಜಠರದ ಒಳಗಿನಿಂದ ತಲುಪಬಹುದು. ಬೆನ್ನಿನಿಂದ ಹೋಗುವಾಗ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಹರಡಿದ್ದನ್ನು ನೋಡದೆ ಔಷಧ ಬಿಡಬಾರದು. ಕ್ಯಾನ್ಸರ್ ನೋವಿಗೆ ಆಲ್ಕೋಹಾಲ್‌ನಿಂದ ನರವನ್ನೇ ನಾಶಮಾಡುವುದು ತೂಕದ ಆಯ್ಕೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ (ಮೇದೋಜೀರಕದ ಉರಿಯೂತ) ಫಲ ಅಷ್ಟಕ್ಕಷ್ಟೇ. ಸಿಕ್ಕ ನೆಮ್ಮದಿಯೂ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಇದಕ್ಕೆ ಮೊದಲೇ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಮೊದಲು ಎಂಬುದು ಮಾತ್ರೆಯ ಮೇಲೆ ನಿಂತಿದೆ, ಬರೆದುಕೊಟ್ಟ ವೈದ್ಯರನ್ನು ಕೇಳದೆ ಬಿಡಬಾರದು.

ಈ ಬ್ಲಾಕ್ ಆದ ಮೇಲೆ ಬಿಪಿ ಇಳಿಯುವುದು, ಭೇದಿಯಾಗುವುದು ಸಾಮಾನ್ಯ. ಸಲೈನ್ ಕೊಟ್ಟು, ಕೂರಿಸಿ ಬಿಪಿ ನೋಡಿದ ಮೇಲೆಯೇ ರೋಗಿಯನ್ನು ಎದ್ದು ನಿಲ್ಲಲು ಬಿಡುವುದು. ಕಾಲಿನಲ್ಲಿ ಬಲ ಕುಂದಿದರೆ ಮಾತ್ರ ಒಂದು ಗಳಿಗೆಯೂ ಕಾಯುವಂತಿಲ್ಲ: ಬೆನ್ನುಹುರಿಗೆ ರಕ್ತ ಒಯ್ಯುವ ಧಮನಿಗೆ ಪೆಟ್ಟಾಗಿರುವ ಸಾಧ್ಯತೆ ಅಪರೂಪವಾದರೂ ಇದೆ. ಮಾರ್ಫಿನ್ ತೆಗೆದುಕೊಳ್ಳುತ್ತಿದ್ದವರಿಗೆ ನೋವು ಒಮ್ಮೆಲೇ ಇಳಿದಾಗ ಹಳೆಯ ಡೋಸ್ ಹೆಚ್ಚಾಗಿ ಮಂಪರು ಕವಿಯಬಹುದು. ಹಾಗೆಂದು ಪೂರ್ತಿ ಬಿಟ್ಟರೆ ವಿತ್‌ಡ್ರಾವಲ್ (ಔಷಧ ಬಿಟ್ಟಾಗಿನ ತೊಂದರೆ) ಕಾಡುತ್ತದೆ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.