ಸಣ್ಣ ಸಣ್ಣ ಸುಧಾರಣೆ ಕಲಿಸೋ ನಿಗಡಿ ಕೋರ್ಸು: 3,500 ಕೊಡಬಹುದಾ?

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಒಂದೂವರೆ ಯಾಕೆ ಕಟ್ ಆಯ್ತು ಅಂತ ಮುಂದೆ ಹೇಳ್ತೀನಿ, ಆದ್ರೆ ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡ್ತಿದ್ರೂ ಸಾಕು, ಒಂದ್ಸಲ ಹೋಗಿ ಬನ್ನಿ ಅಂತ್ಲೇ ನನ್ನ ಮಾತು.

ಪುಣೆ ಹತ್ರದ ನಿಗಡಿಯ ಒಂದು ಬಾಡಿಗೆ ಹಾಲ್‌ನಲ್ಲಿ ನಾಲ್ಕು ಭಾನುವಾರ ಬೆಳಿಗ್ಗೆ ಹೊತ್ತು ನಡೆಯುತ್ತೆ, ಫೀಸು 3,500 ರೂಪಾಯಿ, ಊಟ ಸೇರಿ. ಕಲಿಸೋರು ವಿಜಯಪುರ ಕಡೆಯ ಹಿರಿಯರು, ಆಟೋ ಪಾರ್ಟ್ಸ್ ಲೈನಲ್ಲೇ ಜನ್ಮ ಸವೆಸಿ ರಿಟೈರ್ ಆದವ್ರು. ಪಾಠ ಪೂರ್ತಿ ಕನ್ನಡದಲ್ಲಿ, ಸಿಟ್ಟು ಬಂದಾಗ ಮಾತ್ರ ಮರಾಠಿ. ಬ್ಯಾಚಲ್ಲಿ ಚಾಕಣದ ಫ್ಯಾಕ್ಟರಿ ಸೂಪರ್‌ವೈಸರ್‌ಗಳೇ ಜಾಸ್ತಿ, ಜೊತೆಗೆ ಹಿಂಜವಡಿಯ ಐಟಿ ಟೀಮ್ ಲೀಡ್ ಇಬ್ಬರು, ಒಬ್ಬ ಬ್ಯಾಂಕ್ ಆಫೀಸರ್, ಭೋಸರಿಲಿ ಮೆಸ್ ನಡೆಸೋ ಕಲಬುರಗಿಯ ಒಬ್ರು ಅಕ್ಕ.

ಮೊದಲ ಭಾನುವಾರ ಮಾತ್ರ ನನಗೆ ಬೇಜಾರಾಯ್ತು. ಎಲ್ಲಾ ಕಡೆ ತೋರಿಸೋ ಅದೇ ಸ್ಲೈಡು, ದಿನಾ ಒಂದು ಪರ್ಸೆಂಟ್ ಸುಧಾರಿಸಿದ್ರೆ ವರ್ಷಕ್ಕೆ 37 ಪಟ್ಟು ಅಂತ. ಲೆಕ್ಕವೇನೋ ಸರಿ, 1.01 ಅನ್ನ 365 ಸಲ ಗುಣಿಸಿದ್ರೆ 37.78 ಬರುತ್ತೆ, ಆದ್ರೆ ಮನುಷ್ಯ ಏನು ಫಿಕ್ಸೆಡ್ ಡಿಪಾಸಿಟ್ಟಾ, ಬಡ್ಡಿ ಮೇಲೆ ಬಡ್ಡಿ ಬೆಳೆಯೋಕೆ? ಇವತ್ತು ಹತ್ತು ನಿಮಿಷ ವಾಕಿಂಗ್ ಹೋದೋನು ಮುಂದಿನ ವರ್ಷ ಇದೇ ದಿನ ಆರು ಗಂಟೆ ನಡೀತಾನಾ? ಅದರ ಬೆನ್ನಿಗೇ ಬ್ರಿಟಿಷ್ ಸೈಕ್ಲಿಂಗ್ ಕತೆ, ಡೇವ್ ಬ್ರೇಲ್ಸ್‌ಫರ್ಡ್ ಅನ್ನೋರು ತಂಡದ ಮುಖ್ಯಸ್ಥರಾಗಿ ಬಂದ್ರು, ದಿಂಬಿನಿಂದ ಹಿಡಿದು ಕೈ ತೊಳೆಯೋವರೆಗೂ ಎಲ್ಲಾ ಸ್ವಲ್ಪ ಸ್ವಲ್ಪ ಸರಿಮಾಡಿದ್ರು, 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಸೈಕ್ಲಿಂಗಿಂದ್ಲೇ 8 ಚಿನ್ನ. ನಿಜಾನೇ. ಆದ್ರೆ 1997ರಿಂದ ಬ್ರಿಟನ್ನಿನ ಕ್ರೀಡೆಗೆ ಲಾಟರಿ ದುಡ್ಡು ಸುರಿಯೋಕೆ ಶುರುವಾಗಿತ್ತು ಅನ್ನೋದು ಆ ಸ್ಲೈಡಲ್ಲಿ ಎಲ್ಲೂ ಇಲ್ಲ, ಬರೀ ದಿಂಬಿಗೆ ಮೆಡಲ್ ಬಂದ ಹಾಗೆ ಹೇಳಿದ್ರೆ ಹೇಗೆ ಸ್ವಾಮಿ. ಇಪ್ಪತ್ತೊಂದು ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತ ಇನ್ನೊಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪಾ ಲ್ಯಾಲಿ ಮತ್ತೆ ಜೊತೆಯವರು ಮಾಡಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬಂದಿತ್ತು, ಅದೂ ಕೆಲವರಿಗೆ 18, ಕೆಲವರಿಗೆ 254. ಮಧ್ಯೆ ಒಂದು ದಿನ ತಪ್ಪಿದ್ರೂ ಅಂಥಾ ನಷ್ಟ ಇಲ್ಲ ಅಂತ್ಲೂ ಅದರಲ್ಲಿದೆ, ಜನಕ್ಕೆ ಸಮಾಧಾನ ಕೊಡೋ ಅದನ್ನೇ ಹೇಳ್ಲಿಲ್ಲ.

ಇನ್ನೂ ಹೊಟ್ಟೆ ಉರಿದಿದ್ದು ವಿಶ್ವೇಶ್ವರಯ್ಯನವ್ರನ್ನ ಎರಡೇ ವಾಕ್ಯದಲ್ಲಿ ಮುಗಿಸಿದ್ದಕ್ಕೆ. ಇಲ್ಲೇ ಪಕ್ಕದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಡ್ಯಾಮಿನ ಗೋಡೆ ಎತ್ತರಿಸದೇನೇ ಕೋಡಿ ಮೇಲೆ ಆಟೋಮ್ಯಾಟಿಕ್ ಗೇಟ್ ಕೂರಿಸಿ ಜಾಸ್ತಿ ನೀರು ನಿಲ್ಲಿಸಿದ್ರು, ಇರೋದನ್ನೇ ಇಟ್ಕೊಂಡು ಸುಧಾರಿಸೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ, ಅದೂ ಪುಣೆಯಲ್ಲಿ ಕೂತ ಕನ್ನಡದವ್ರಿಗೆ!

ಎರಡನೇ ವಾರದಿಂದ ಸ್ಲೈಡ್ ಆಫ್ ಮಾಡಿದ್ರು ನೋಡಿ, ಅಲ್ಲಿಂದ ಆಟ ಬದಲಾಯ್ತು. ಟೊಯೋಟಾ ಫ್ಯಾಕ್ಟರಿಲಿ ಕಾರ್ ಜೋಡಿಸೋ ಲೈನಲ್ಲಿ ತೂಗೋ ಹಗ್ಗದ ವಿಷಯ ತೆಗೆದ್ರು, ಆಂಡಾನ್ ಅಂತಾರಲ್ಲ ಅದು. ಕೆಲಸಗಾರ ಎಳೆದ ತಕ್ಷಣ ಲೈನ್ ನಿಂತುಬಿಡುತ್ತೆ ಅಂತ ಎಷ್ಟೋ ಜನ ಅನ್ಕೊಂಡಿರ್ತಾರೆ. ಹಾಗಲ್ಲ, ಎಳೆದ್ರೆ ಲೈಟು ಹತ್ತುತ್ತೆ, ಟೀಮ್ ಲೀಡರ್ ಅಲ್ಲಿಗೆ ಬರಬೇಕು, ಗಾಡಿ ಆ ಸ್ಟೇಷನ್ನಿನ ಕೊನೆ ಗೆರೆ ಮುಟ್ಟೋದ್ರೊಳಗೆ ಇಬ್ಬರೂ ಸೇರಿ ಸರಿಮಾಡಿದ್ರೆ ಲೈನ್ ಓಡ್ತಾನೇ ಇರುತ್ತೆ, ಆಗದಿದ್ರೆ ಮಾತ್ರ ನಿಲ್ಲುತ್ತೆ. ‘ಹಗ್ಗ ಕಟ್ಟೋದು ಸಸ್ತಾ ಐತಿ ರೀ, ಎಳದಾಗ ಓಡಿ ಬರೋ ಮನಶ್ಯಾನ್ನ ತಯಾರ ಮಾಡೋದು ತುಟ್ಟಿ’ ಅಂದ್ರು ಮೇಷ್ಟ್ರು. ಕೊಟ್ಟ ದುಡ್ಡೆಲ್ಲ ಆ ಒಂದು ಮಾತಲ್ಲೇ ವಸೂಲಾಯ್ತು ನಂಗೆ. ಕೆಲಸಗಾರರಿಂದ ಸಲಹೆ ಕೇಳೋ ಟೊಯೋಟಾದ ಸಜೆಶನ್ ಸ್ಕೀಮು 1951ರಲ್ಲಿ ಶುರುವಾಗಿದ್ದು, ಅದರ ಹಿಂದಿನ ವರ್ಷ ಆ ಕಂಪನಿ ಮನೆತನದ ಎಯ್ಜಿ ಟೊಯೋಡಾ ಅಮೆರಿಕದ ಫೋರ್ಡ್ ಫ್ಯಾಕ್ಟರಿ ನೋಡ್ಕೊಂಡು ಬಂದ್ಮೇಲೆ. ಅಂದ್ರೆ ಸಲಹೆ ಚೀಟಿ ಹಾಕೋ ಡಬ್ಬಿ ಐಡಿಯಾ ಏನು ಜಪಾನಿನ ಗುಟ್ಟಲ್ಲ, ಹಾಕಿದ ಚೀಟಿಗೆ ಉತ್ತರ ಬರುತ್ತಾ ಇಲ್ವಾ ಅನ್ನೋದೇ ಪ್ರಶ್ನೆ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಡಬ್ಬಿ ಇತ್ತು, ಬೀಗ ಇತ್ತು, ಕೀ ಯಾರ ಹತ್ರ ಇದೆ ಅಂತ ಎಚ್‌ಆರ್‌ಗೂ ಗೊತ್ತಿರ್ಲಿಲ್ಲ.

ಮೂರನೇ ವಾರ ಮೆಸ್ ಅಕ್ಕನದು. ಮಧ್ಯಾಹ್ನ ಕ್ಯೂ ಬಾಗಿಲಾಚೆ ಹೋಗುತ್ತೆ, ಇನ್ನೊಂದು ಕೌಂಟರ್ ಹಾಕ್ಬೇಕು, ಒಂದು ಹುಡುಗನ್ನ ಇಟ್ಕೋಬೇಕು ಅಂತ ಬಂದಿದ್ರು. ಮೇಷ್ಟ್ರು ಏನೂ ಹೇಳ್ಲಿಲ್ಲ, ಈ ವಾರ ಒಂದಿನ ಊಟದ ಹೊತ್ತಲ್ಲಿ ಬಡಿಸೋದು ಬಿಟ್ಟು ಬಾಗಿಲ ಹತ್ರ ಸುಮ್ನೆ ನಿಂತು ನೋಡಿ, ಯಾರಿಗೂ ಏನೂ ಹೇಳ್ಬೇಡಿ ಅಂದ್ರು. ಅಕ್ಕ ನಿಂತು ನೋಡಿದ್ರಂತೆ, ಕ್ಯೂ ಇರೋದು ಅನ್ನದ ಮುಂದಲ್ಲ, ನಲ್ಲಿ ಮುಂದೆ! ವರ್ಕ್‌ಶಾಪಿಂದ ಬರೋ ಹುಡುಗರ ಕೈತುಂಬ ಗ್ರೀಸು, ಇರೋದು ಒಂದೇ ನಲ್ಲಿ, ಸಣ್ಣ ಸೋಪು ಜಾರಿ ಜಾರಿ ಕೆಳಗೆ ಬೀಳುತ್ತೆ, ಒಬ್ಬೊಬ್ರೂ ತಿಕ್ಕಿ ತಿಕ್ಕಿ ತೊಳೆಯೋಕೆ ಹೊತ್ತು. ಇನ್ನೊಂದು ನಲ್ಲಿ ಹಾಕ್ಸಿ, ಎರಡು ಕಡೆ ಕೈ ತೊಳೆಯೋ ಪೌಡರ್ ಡಬ್ಬಿ ಇಟ್ರು, ಕ್ಯೂ ಕರಗಿತು. ಇದನ್ನ ಅಕ್ಕ ಮೆಸ್ಸಲ್ಲಿ ಖುಷಿಯಿಂದ ಹೇಳಿದ್ರೆ ರೊಟ್ಟಿ ಬಡಿಯೋ ಹೆಂಗಸು, ‘ನಾ ಹ್ವಾದ ವರ್ಷನ ಹೇಳಿದ್ನಲ್ರಿ ಅಕ್ಕಾ’ ಅಂದ್ಳಂತೆ. ಕ್ಲಾಸಲ್ಲಿ ಎಲ್ಲರೂ ನಕ್ರು, ಮೇಷ್ಟ್ರು ನಗ್ಲಿಲ್ಲ. ಅವತ್ತಿಂದ ಹೋಮ್‌ವರ್ಕ್ ಅದೇ ಆಯ್ತು: ಕೈಕೆಳಗಿನವ್ರು ಏನೇ ಹೇಳ್ಲಿ, ‘ಆಗುತ್ತೆ’ ಇಲ್ಲ ‘ಆಗಲ್ಲ’, ಯಾಕೆ ಅಂತ ಮಾರನೇ ದಿನದೊಳಗೆ ಉತ್ತರ ಕೊಡ್ಬೇಕು. ಆಗಲ್ಲ ಅಂದ್ರೂ ಪರವಾಗಿಲ್ಲ, ಸುಮ್ನಿರೋ ಹಾಗಿಲ್ಲ. ಚಾಕಣದವ್ರು ಇದನ್ನ ಮಾಡೋಕೆ ಸಿಕ್ಕಾಪಟ್ಟೆ ಒದ್ದಾಡಿದ್ರು, ಯಾಕಂದ್ರೆ ಅವರ ಮೇಲಿನವ್ರು ಅವರಿಗೇ ಉತ್ತರ ಕೊಡಲ್ಲ.

ಕೊನೆ ವಾರ ಸ್ವಂತ ಬದುಕಿಂದು, ಪರವಾಗಿಲ್ಲ ಅನ್ನೋ ಹಾಗಿತ್ತು. ಬ್ಯಾಂಕ್ ಆಫೀಸರ್ ಬಿಪಿ ಮಾತ್ರೆನ ಟೂತ್‌ಬ್ರಶ್ ಪಕ್ಕ ಇಟ್ರು, ಈಗ ಮರೀತಿಲ್ವಂತೆ. ಹೇಳೋಕೆ ನಾಚಿಕೆ ಆಗೋಷ್ಟು ಸಣ್ಣ ಕೆಲಸ ಆರಿಸ್ಕೊಳ್ಳಿ ಅಂದಿದ್ರು ಮೇಷ್ಟ್ರು, ಅದು ಒಳ್ಳೆ ಅಳತೆ. ಮಿಕ್ಕಿದ್ದು ಎಲ್ಲರಿಗೂ ಗೊತ್ತಿರೋದೇ.

ಊಟಕ್ಕೆ ಫುಲ್ ಮಾರ್ಕ್ಸ್, ಜೋಳದ ರೊಟ್ಟಿ, ಎಣ್ಗಾಯಿ, ಶೇಂಗಾ ಚಟ್ನಿ. ಕೊಡೋ ಪುಸ್ತಕ ಮಾತ್ರ ಮಸಿ ಹರಡಿದ ಜೆರಾಕ್ಸು, ಓದೋಕಾಗಲ್ಲ. ವಾಟ್ಸಾಪ್ ಗ್ರೂಪಿಗೆ ಸೇರಿದ ಕೂಡ್ಲೇ ಮ್ಯೂಟ್ ಮಾಡಿ, ಬೆಳಗಾದ್ರೆ ಗುಲಾಬಿ ಹೂವು. ಮೆಟ್ರೋ ಪಿಂಪ್ರಿವರೆಗೆ ಸಿಗುತ್ತೆ, ಅಲ್ಲಿಂದ ಬಸ್ಸೇ ವಾಸಿ, ಭಾನುವಾರ ಆಟೋದವ್ರು ಬಾಯಿಗೆ ಬಂದ ರೇಟ್ ಹೇಳ್ತಾರೆ. ಒಂದೇ ಕಂಪನಿಯಿಂದ ಇಬ್ಬರು ಬಂದ್ರೆ 6,000ಕ್ಕೆ ಒಪ್ತಾರೆ, ಎರಡನೇ ಸೀಟಲ್ಲಿ ನಿಮ್ಮ ಬಾಸನ್ನ ಕೂರಿಸೋಕಾದ್ರೆ ನೋಡಿ.