ಥಿಂಕ್‌ಪ್ಯಾಡ್ ಟಿ42: ಹಳೆಯ ನುಡಿ ಫೈಲಿಗೂ ಹಳೆಯ ಆಟಕ್ಕೂ ಒಂದೇ ಲ್ಯಾಪ್‌ಟಾಪ್

ದಾವಣಗೆರೆಯಲ್ಲಿ ಮದುವೆ ಪತ್ರಿಕೆ ಮಾಡುವ ಪ್ರೆಸ್ಸು, ಡಿಟಿಪಿ ಅಂಗಡಿಗಳ ಹಳೆಯ ಸಿಡಿಗಳಲ್ಲಿ ನುಡಿ ಫಾಂಟಿನ ಪೇಜ್‌ಮೇಕರ್ (ಪುಟ ಜೋಡಿಸುವ ಸಾಫ್ಟ್‌ವೇರ್) ಫೈಲುಗಳು ಇನ್ನೂ ಕೂತಿವೆ. ಮಂಡಿಪೇಟೆ ಕಡೆಯ ವ್ಯಾಪಾರಸ್ಥರಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆಂದೇ ಬರೆಸಿದ ಲೆಕ್ಕದ ಪ್ರೋಗ್ರಾಮುಗಳಿವೆ. ಮನೆಯ ಕಪಾಟಿನಲ್ಲಿ ರೋಡ್ ರ‍್ಯಾಶ್, ವರ್ಚುವಾ ಕಾಪ್ 2, ಏಜ್ ಆಫ್ ಎಂಪೈರ್ಸ್ ಸಿಡಿಗಳಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ಇವು ಓಡದಿರುವುದಕ್ಕೆ ಕಾರಣ ಸ್ಪಷ್ಟ. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಇನ್‌ಸ್ಟಾಲರ್ ತೆರೆಯುವುದೇ ಇಲ್ಲ. ನಕಲು ತಡೆಯುವ ಸೇಫ್‌ಡಿಸ್ಕ್ ಕಾವಲಿರುವ ಅಸಲಿ ಸಿಡಿಗಳಿಗೆ ಬೇಕಾದ ಡ್ರೈವರನ್ನು ವಿಂಡೋಸ್ 10ರಲ್ಲಿ ತೆಗೆದುಹಾಕಿದ್ದಾರೆ. ಹಳೆಯ ಪ್ರಿಂಟರ್ ಜೋಡಿಸುವ ಪ್ಯಾರಲಲ್ ಪೋರ್ಟ್ ಅಂತೂ ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ.

ಈ ಮೂರನ್ನೂ ಒಟ್ಟಿಗೆ ಬಗೆಹರಿಸುವ ಯಂತ್ರವೆಂದರೆ 2004ರ ಐಬಿಎಂ ಥಿಂಕ್‌ಪ್ಯಾಡ್ ಟಿ42. ಪೆಂಟಿಯಂ ಎಂ ಪ್ರೊಸೆಸರ್, 2 ಜಿಬಿ ತನಕ ರ‍್ಯಾಮ್, 4:3 ಅಳತೆಯ ಪರದೆ, ಎಟಿಐ ರೇಡಿಯಾನ್ ಗ್ರಾಫಿಕ್ಸ್, ಡಿವಿಡಿ ಡ್ರೈವ್, ಹಿಂಬದಿಯಲ್ಲಿ ಪ್ಯಾರಲಲ್ ಪೋರ್ಟ್. ವಿಂಡೋಸ್ ಎಕ್ಸ್‌ಪಿ ಕಾಲದ ಕೆಲಸಕ್ಕೆ ಇದಕ್ಕಿಂತ ಹದವಾದ ಲ್ಯಾಪ್‌ಟಾಪ್ ಸಿಗುವುದು ಕಷ್ಟ. ಆದರೆ ಇದರಲ್ಲಿ ಒಂದು ಹುಟ್ಟುದೋಷ ಇದೆ. ಅದನ್ನು ಪರೀಕ್ಷಿಸದೆ ದುಡ್ಡು ಕೊಡಬಾರದು.

ಆ ದೋಷ ಇರುವುದು ಗ್ರಾಫಿಕ್ಸ್ ಚಿಪ್ಪಿನ ಬೆಸುಗೆಯಲ್ಲಿ. ಟಿ40ರಿಂದ ಟಿ43ರವರೆಗಿನ ಯಂತ್ರಗಳನ್ನು ಮುಂದಿನ ಒಂದೇ ಮೂಲೆ ಹಿಡಿದು ಎತ್ತಿದಾಗ ಬೋರ್ಡ್ ಸ್ವಲ್ಪ ಬಾಗುತ್ತದೆ. ವರ್ಷಗಟ್ಟಲೆ ಹೀಗೆ ಬಾಗಿ ಬಾಗಿ ಚಿಪ್ಪಿನ ಅಡಿಯ ಬೆಸುಗೆ ಗುಂಡುಗಳು ಬಿರುಕು ಬಿಡುತ್ತವೆ. ಅಂಗಡಿಯಲ್ಲಿ ಯಂತ್ರ ಹಾಕಿಸಿ, ಯಾವುದಾದರೂ 3ಡಿ ಆಟವನ್ನೋ ವಿಡಿಯೋವನ್ನೋ ಹದಿನೈದು ನಿಮಿಷ ಓಡಲು ಬಿಡಿ. ನಂತರ ಕೈ ಊರುವ ಜಾಗದ ಎಡಮೂಲೆ, ಬಲಮೂಲೆಗಳನ್ನು ಒಂದೊಂದಾಗಿ ಮೆತ್ತಗೆ ಎತ್ತಿ ಇಳಿಸಿ. ಪರದೆಯಲ್ಲಿ ಗೆರೆ ಬಂದರೆ, ಬಣ್ಣ ಕದಡಿದರೆ ಅಥವಾ ಯಂತ್ರ ಹಾಗೇ ನಿಂತುಬಿಟ್ಟರೆ ಅಲ್ಲಿಗೇ ಬಿಟ್ಟುಬಿಡಿ. ‘ಹೀಟ್ ಕೊಟ್ಟು ಸರಿಮಾಡಿ ಕೊಡ್ತೀವಿ’ ಎಂಬ ಮಾತಿಗೆ ಮರುಳಾಗಬೇಡಿ. ಬರೀ ಬಿಸಿ ಮಾಡಿದ್ದು ಕೆಲವು ವಾರ ತಡೆದೀತು. ಚಿಪ್ಪು ಬಿಚ್ಚಿ ಹೊಸ ಗುಂಡು ಕೂರಿಸುವ ರೀಬಾಲಿಂಗ್ ಮಾಡಿಸಿದರೆ ಮಾತ್ರ ರಿಪೇರಿ ಆದಂತೆ. ಕೊಂಡ ಮೇಲೂ ಎರಡು ಕೈಯಲ್ಲಿ ಹಿಡಿದೇ ಎತ್ತಬೇಕು.

ಎರಡನೆಯ ಪರೀಕ್ಷೆ ಪಾಸ್‌ವರ್ಡಿನದು. ಯಂತ್ರ ಹಾಕುವಾಗ ಎಫ್1 ಒತ್ತಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಬೇಡವೇ ಬೇಡ, ಏಕೆಂದರೆ ಅದು ಬೋರ್ಡಿನ ಪ್ರತ್ಯೇಕ ಚಿಪ್ಪಿನಲ್ಲಿ ಉಳಿಯುತ್ತದೆ, ಸೀಮಾಸ್ ಸೆಲ್ (ಗಡಿಯಾರದ ಬ್ಯಾಟರಿ) ಕಿತ್ತರೂ ಹೋಗುವುದಿಲ್ಲ. 0271 ಎಂಬ ಎರರ್ ಬಂದರೆ ಹೆದರಬೇಕಿಲ್ಲ. ತಾರೀಖು, ಸಮಯ ತಪ್ಪಿದೆ ಎಂದಷ್ಟೇ ಅದರ ಅರ್ಥ. ಒಳಗಿನ ಸಿಆರ್2032 ಸೆಲ್ ಸತ್ತಿರುತ್ತದೆ, ವೈರು-ಪ್ಲಗ್ ಇರುವ ಬಗೆಯದನ್ನೇ ತಂದು ಹಾಕಿ. ‘ಫ್ಯಾನ್ ಎರರ್’ ಎಂದು ತೋರಿಸಿ ಆರಿದರೆ ಫ್ಯಾನ್ ಧೂಳಿನಿಂದ ಕಟ್ಟಿದೆ ಅಥವಾ ಸವೆದಿದೆ. ಅಡಿಯಲ್ಲಿ ಗುರುತು ಮಾಡಿದ ಸ್ಕ್ರೂ ತೆಗೆದು ಕೀಬೋರ್ಡ್, ಕೈ ಊರುವ ಪಟ್ಟಿ ಎತ್ತಿದರೆ ಫ್ಯಾನ್ ಸಿಗುತ್ತದೆ. ಆಗಲೇ ಥರ್ಮಲ್ ಪೇಸ್ಟನ್ನೂ ಬದಲಿಸಿ. ಏಪ್ರಿಲ್‌ನ ದಾವಣಗೆರೆ ಬಿಸಿಲಿಗೆ ಒಣಗಿದ ಪೇಸ್ಟು ತಡೆಯುವುದಿಲ್ಲ.

ಅಡಾಪ್ಟರ್ 16 ವೋಲ್ಟ್, 4.5 ಆಂಪ್. ಮಾರುಕಟ್ಟೆಯ ಯೂನಿವರ್ಸಲ್ ಅಡಾಪ್ಟರುಗಳನ್ನು ಸಾಮಾನ್ಯವಾಗಿ 19 ವೋಲ್ಟಿಗೆ ಇಟ್ಟಿರುತ್ತಾರೆ. ಪಿನ್ ಕೂರುತ್ತದೆಂದು ಚುಚ್ಚಬೇಡಿ, ಮೊದಲು 16ಕ್ಕೆ ತಿರುಗಿಸಿ.

ಹಾರ್ಡ್ ಡಿಸ್ಕ್ 44 ಪಿನ್ನಿನ ಐಡಿಇ ಬಗೆಯದು. ಇಪ್ಪತ್ತು ವರ್ಷ ತಿರುಗಿದ ಡಿಸ್ಕನ್ನು ನಂಬುವಂತಿಲ್ಲ. 44 ಪಿನ್ ಐಡಿಇ ಅಡಾಪ್ಟರಿನಲ್ಲಿ 128 ಜಿಬಿ ಎಂಸಾಟಾ ಎಸ್‌ಎಸ್‌ಡಿ ಕೂರಿಸುವುದು ಒಳ್ಳೆಯದು. ವೇಗ ಎಷ್ಟಿದ್ದರೂ ಈ ದಾರಿಯಲ್ಲಿ ಸೆಕೆಂಡಿಗೆ 100 ಎಂಬಿ ದಾಟುವುದಿಲ್ಲ, ಆದ್ದರಿಂದ ದುಬಾರಿ ಎಸ್‌ಎಸ್‌ಡಿ ಬೇಡ. ಪಾರ್ಟಿಷನ್ನನ್ನು ಹೊಸ ಕಂಪ್ಯೂಟರಿನಲ್ಲಿ ಮಾಡಿ ತನ್ನಿ. ಎಕ್ಸ್‌ಪಿ ತಾನೇ ಮಾಡಿದರೆ ಅಲೈನ್‌ಮೆಂಟ್ (ಪಾರ್ಟಿಷನ್ ಶುರುವಾಗುವ ಸ್ಥಾನ) ತಪ್ಪಿ ಬರೆಯುವ ವೇಗ ಕುಸಿಯುತ್ತದೆ. ರ‍್ಯಾಮ್ ಪಿಸಿ2700 ಡಿಡಿಆರ್. ಎಕ್ಸ್‌ಪಿಗೆ 1 ಜಿಬಿ ಧಾರಾಳ. ಸರ್ವಿಸ್ ಪ್ಯಾಕ್ 3 ಹಾಕಿ, ಇಂಟರ್ನೆಟ್‌ನಿಂದ ದೂರವೇ ಇಡಿ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಭದ್ರತಾ ಅಪ್‌ಡೇಟುಗಳು ಮುಗಿದವು. ಪೆನ್‌ಡ್ರೈವ್ ಚುಚ್ಚುವಾಗ ಶಿಫ್ಟ್ ಒತ್ತಿ ಹಿಡಿದರೆ ಆಟೋರನ್ ವೈರಸ್ಸು ತಾನಾಗಿ ಓಡುವುದಿಲ್ಲ.

ಈಗ ನುಡಿ ಫೈಲಿನ ವಿಷಯ. ಹಳೆಯ ನುಡಿ ಫಾಂಟುಗಳು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ಮೂಲ ಫಾಂಟ್ ಇಲ್ಲದೆ ಪೇಜ್‌ಮೇಕರ್ ಫೈಲ್ ತೆರೆದರೆ ಪ್ಯಾನೋಸ್ ಹೆಸರಿನ ಪೆಟ್ಟಿಗೆ ಬಂದು ಬದಲಿ ಫಾಂಟ್ ಸೂಚಿಸುತ್ತದೆ. ಅಲ್ಲಿ ‘ಪರ್ಮನೆಂಟ್’ ಆರಿಸಿ ಸೇವ್ ಮಾಡಿದರೆ ಫೈಲಿನೊಳಗಿನ ಫಾಂಟ್ ಹೆಸರೇ ಬದಲಾಗಿ, ಎಲ್ಲಿ ಯಾವ ಫಾಂಟಿತ್ತೆಂಬ ಗುರುತೇ ಅಳಿಸಿಹೋಗುತ್ತದೆ. ‘ಟೆಂಪರರಿ’ ಆರಿಸಿ, ಸೇವ್ ಮಾಡದೆ ಮುಚ್ಚಿ, ಪೆಟ್ಟಿಗೆ ತೋರಿಸಿದ ಹೆಸರಿನ ಫಾಂಟನ್ನು ಹಾಕಿಕೊಂಡು ಮತ್ತೆ ತೆರೆಯಿರಿ. ಇದಕ್ಕೂ ಮೊದಲು ಸಿಡಿಯ ಎಲ್ಲವನ್ನೂ ಡಿಸ್ಕಿಗೆ ನಕಲು ಮಾಡಿ, ನಕಲಿನ ಮೇಲೆಯೇ ಕೆಲಸ ಮಾಡಿ. ಪಠ್ಯ ಹೊರತೆಗೆದು ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ‘ಧರ್ಮ’, ‘ಸ್ವಾಗತ’ದಂಥ ಪದಗಳೇ ಮೊದಲು ಕೈಕೊಡುತ್ತವೆ. ಆ ಯುನಿಕೋಡ್ ಪಠ್ಯವನ್ನು ಎಕ್ಸ್‌ಪಿಯಲ್ಲೇ ನೋಡಬೇಕಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಆಯ್ಕೆಗೆ ಗುರುತು ಹಾಕಬೇಕು. ಅದಕ್ಕೆ ಎಕ್ಸ್‌ಪಿ ಸಿಡಿ ಬೇಕಾಗುತ್ತದೆ.

ನುಡಿ ಟೈಪಿಂಗಿಗೆ ಈ ಕೀಬೋರ್ಡ್ ಬಹಳ ಚೆನ್ನ. ಕೀಲಿಗಳು ಆಳವಾಗಿ ಒತ್ತುತ್ತವೆ, ಬೆರಳು ದಣಿಯುವುದಿಲ್ಲ. ಕನ್ನಡ-ಇಂಗ್ಲಿಷ್ ಬದಲಿಸಲು ನುಡಿಗೆ ಬೇಕಾದ ಸ್ಕ್ರಾಲ್ ಲಾಕ್ ಕೀಲಿ ಮೇಲಿನ ಸಾಲಿನಲ್ಲೇ ಇದೆ. ಶಿಫ್ಟ್ ಜೊತೆ ಅದನ್ನೊತ್ತಿದರೆ ಮಾತ್ರ ನಮ್ ಲಾಕ್ ಹತ್ತಿ ಜೆ, ಕೆ, ಎಲ್ ಒತ್ತಿದಾಗ 1, 2, 3 ಬರುತ್ತವೆ. ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗದೆ ಇನ್ನೊಮ್ಮೆ ಹಾಗೇ ಒತ್ತಿ. ವಿಂಡೋಸ್ ಕೀಲಿ ಇಲ್ಲ, ಸ್ಟಾರ್ಟ್ ಮೆನುವಿಗೆ ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಬೇಕು.

ಪ್ಯಾರಲಲ್ ಪೋರ್ಟಿನ ಬೆಲೆ ಗೊತ್ತಾಗುವುದು ಹಾರ್ಡ್‌ವೇರ್ ಲಾಕ್ (ಪೋರ್ಟಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡಲು ಬಿಡುವ ಡಾಂಗಲ್) ಇರುವ ಸಾಫ್ಟ್‌ವೇರಿನವರಿಗೆ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಪ್ರಿಂಟರಿಗಷ್ಟೇ ಆದೀತು, ಲಾಕ್ ಅದರಲ್ಲಿ ಸಿಗುವುದಿಲ್ಲ. ಎಲ್‌ಪಿಟಿ1ಕ್ಕೆ (ಮೊದಲ ಪ್ಯಾರಲಲ್ ಪೋರ್ಟಿಗೆ) ನೇರವಾಗಿ ಬರೆಯುವ ಡಾಸ್ ಪ್ರೋಗ್ರಾಮೂ ಆ ಕೇಬಲ್ಲನ್ನು ಕಾಣುವುದಿಲ್ಲ. ಟಿ42ರಲ್ಲಿ ಪೋರ್ಟಿನ ವಿಳಾಸ 378, ಐಆರ್‌ಕ್ಯೂ 7 ಇರುವಂತೆ ಬಯಾಸಿನಲ್ಲಿ ನೋಡಿಕೊಂಡರೆ ಟಿವಿಎಸ್ಸೋ ಎಪ್ಸನ್ನೋ ಪ್ರಿಂಟರ್ ನೇರ ಮಾತಾಡುತ್ತದೆ.

ಆಟಗಳಿಗೆ ಯಾವ ಗ್ರಾಫಿಕ್ಸ್ ಚಿಪ್ ಇದೆ ನೋಡಿ. ರೇಡಿಯಾನ್ 7500ರಲ್ಲಿ 32 ಎಂಬಿ ಮಾತ್ರ, ಪಿಕ್ಸೆಲ್ ಶೇಡರ್ (ಬೆಳಕು-ನೆರಳಿನ ಪರಿಣಾಮ ಮಾಡುವ ಭಾಗ) ಇಲ್ಲ. 9600 ಇದ್ದರೆ 64 ಎಂಬಿ, ಡೈರೆಕ್ಟ್‌ಎಕ್ಸ್ 9 ಬೆಂಬಲ. ಜಿಟಿಎ ವೈಸ್ ಸಿಟಿಗೆ 800 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ಗ್ರಾಫಿಕ್ಸ್ ಸಾಕು, ಎರಡರಲ್ಲೂ ಓಡುತ್ತದೆ. ಆಯ್ಕೆಯಿದ್ದರೆ 9600 ತಗೊಳ್ಳಿ. ರೋಡ್ ರ‍್ಯಾಶ್ ಬಣ್ಣ ಕೆಟ್ಟರೆ ಶಾರ್ಟ್‌ಕಟ್ಟಿನ ಕಂಪ್ಯಾಟಿಬಿಲಿಟಿ ಪುಟದಲ್ಲಿ 256 ಬಣ್ಣ, 640×480 ಎರಡಕ್ಕೂ ಗುರುತು ಹಾಕಿ. ವರ್ಚುವಾ ಕಾಪ್ 2 ವೇಗವಾಗಿ ಓಡಿ ಗುರಿ ಇಡಲಾಗದಿದ್ದರೆ ಸ್ಪೀಡ್‌ಸ್ಟೆಪ್ ಆಯ್ಕೆಯಲ್ಲಿ ಪ್ರೊಸೆಸರನ್ನು 600 ಮೆಗಾಹರ್ಟ್ಸಿಗೆ ಇಳಿಸಿ ನೋಡಿ. ಪರದೆ 4:3 ಆದ್ದರಿಂದ ಬೈಕೂ ಮನುಷ್ಯರೂ ಅಡ್ಡಕ್ಕೆ ಹಿಗ್ಗುವುದಿಲ್ಲ. ಈ ಆಟಗಳನ್ನು ಹೀಗೇ ನೋಡಬೇಕು.

ಡಾಸ್ ಆಟಗಳಿಗೆ ಮಾತ್ರ ಇದು ಅಷ್ಟಕ್ಕಷ್ಟೆ. ಇದರ ಸೌಂಡ್ ಎಸಿ97 ಬಗೆಯದು, ಬರೀ ಡಾಸಿನಲ್ಲಿ ಹಳೆಯ ಆಟಗಳು ಹುಡುಕುವ ಸೌಂಡ್ ಬ್ಲಾಸ್ಟರ್ ಕಾರ್ಡಾಗಿ ಕಾಣುವುದಿಲ್ಲ. ಎಕ್ಸ್‌ಪಿ ಮೇಲೆ ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿ. ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಆರಾಮಾಗಿ ಓಡುತ್ತವೆ. ವೇಗ ಹೆಚ್ಚಾದರೆ ಕಂಟ್ರೋಲ್-ಎಫ್11, ಕಡಿಮೆಯಾದರೆ ಕಂಟ್ರೋಲ್-ಎಫ್12. ಕಾಲೇಜಿನಲ್ಲಿ ಬರೆದ ಟರ್ಬೊ ಪ್ಯಾಸ್ಕಲ್ ಪ್ರೋಗ್ರಾಮು ‘ರನ್‌ಟೈಮ್ ಎರರ್ 200’ ಎಂದು ನಿಂತರೆ ಕಾರಣ ಪ್ರೊಸೆಸರಿನ ವೇಗ. ಟರ್ಬೊ ಪ್ಯಾಸ್ಕಲ್ಲಿನ ಸಿಆರ್‌ಟಿ ಯೂನಿಟ್ ಎಂಬ ಭಾಗ ಕಾಲ ಅಳೆಯುವ ಭಾಗಾಕಾರದಲ್ಲಿ ಅಂಕಿ ಮೀರಿಹೋಗುತ್ತದೆ. ಅದನ್ನೂ ಡಾಸ್‌ಬಾಕ್ಸಿನಲ್ಲಿ ಸೈಕಲ್ 3000ಕ್ಕೆ ಇಟ್ಟು ಓಡಿಸಿ.

ಟಿ42 ಸಿಗದೆ ಟಿ43 ಸಿಕ್ಕರೆ ಡಿಸ್ಕ್ ಬದಲಿಸುವ ಮೊದಲು ಯೋಚಿಸಿ. ಅದರಲ್ಲಿ ಸಾಟಾ-ಐಡಿಇ ಸೇತುವೆ ಚಿಪ್ ಇರುವುದರಿಂದ ಒಪ್ಪಿಗೆಯಿಲ್ಲದ ಡಿಸ್ಕಿಗೆ ಪ್ರತಿ ಸಲ ಎರರ್ 2010 ತೋರಿಸುತ್ತದೆ. ನಿಮ್ಮ ಎಸ್‌ಎಸ್‌ಡಿಯನ್ನು ಅಂಗಡಿಗೇ ಒಯ್ದು, ಅಲ್ಲೇ ಹಾಕಿಸಿ ನೋಡಿ ಕೊಳ್ಳಿ.